ಆಂಟಿವೈರಸ್ ಮತ್ತು ಬ್ರೌಸರ್ ತಂತ್ರಾಂಶಗಳ ಹಸ್ತಕ್ಷೇಪ

ಆಂಟಿವೈರಸ್ ಹಸ್ತಕ್ಷೇಪ ಎಂದರೆ ಗಣಕಯಂತ್ರದ ರಕ್ಷಣೆಗೆಂದು ಅಳವಡಿಸಿದ ವೈರಸ್ ನಿರೋಧಕ ತಂತ್ರಾಂಶವು ಅದೇ ಯಂತ್ರದಲ್ಲಿರುವ ನಿರುಪದ್ರವಿ ತಂತ್ರಾಂಶಗಳ ಕಾರ್ಯಕ್ಕೆ ಅಡ್ಡಿಪಡಿಸುವ ವಿದ್ಯಮಾನ. ಕಡತಗಳು ತೆರೆಯದಿರುವುದು, ತಂತ್ರಾಂಶವು ಹಠಾತ್ತನೆ ಸ್ಥಗಿತಗೊಳ್ಳುವುದು, ಅಂತರಜಾಲ ಸಂಪರ್ಕ ವಿಫಲವಾಗುವುದು, ಯಂತ್ರ ನಿಧಾನವಾಗುವುದು, ಕೆಲವೊಮ್ಮೆ ಕಾರ್ಯಾಚರಣಾ ವ್ಯವಸ್ಥೆಯೇ ಆರಂಭವಾಗದಿರುವುದು ಇದರ ಲಕ್ಷಣಗಳು. ಬ್ರೌಸರ್‌ಗಳು ಈ ಹಸ್ತಕ್ಷೇಪಕ್ಕೆ ಹೆಚ್ಚಾಗಿ ಗುರಿಯಾಗುತ್ತವೆ; ಕೆಲವು ಸಂದರ್ಭಗಳಲ್ಲಿ ಅವೇ ಇತರ ತಂತ್ರಾಂಶಗಳಿಗೆ ಅಡ್ಡಿಯಾಗಿರುವುದೂ ಉಂಟು.

ಈ ಸಮಸ್ಯೆಗಳಲ್ಲಿ ಕೆಲವು ತಯಾರಕರ ತಪ್ಪಿನಿಂದ ಉಂಟಾದವು. ಆದರೆ ಬಹುಪಾಲು ಸಮಸ್ಯೆಗಳ ಮೂಲ ಆಂಟಿವೈರಸ್‌ನ ರಚನೆಯಲ್ಲಿಯೇ ಇದೆ. ಬೇರೆ ತಂತ್ರಾಂಶಗಳು ಮಾಡುವ ಪ್ರತಿಯೊಂದು ಕೆಲಸವನ್ನೂ ನಡುವೆ ನಿಂತು ಪರೀಕ್ಷಿಸುವುದೇ ಅದರ ಉದ್ದೇಶವಾದ್ದರಿಂದ, ಆ ನಡುವಿನ ಸ್ಥಾನದಲ್ಲಿ ಸಂಭವಿಸುವ ವಿಳಂಬ ಅಥವಾ ದೋಷದ ಪರಿಣಾಮ ಉಳಿದ ತಂತ್ರಾಂಶಗಳ ಮೇಲೆ ಆಗುತ್ತದೆ. ದೋಷದ ಲಕ್ಷಣವು ಅಡ್ಡಿಪಡಿಸಿದ ತಂತ್ರಾಂಶದಲ್ಲಿ ಕಾಣಿಸದೆ ಅಡ್ಡಿಗೊಳಗಾದ ತಂತ್ರಾಂಶದಲ್ಲಿ ಕಾಣಿಸುವುದರಿಂದ ನಿಜವಾದ ಕಾರಣವನ್ನು ಗುರುತಿಸುವುದು ಕಷ್ಟವಾಗುತ್ತದೆ.

ಕಡತಗಳ ತಪಾಸಣೆಯಿಂದ ಉಂಟಾಗುವ ಅಡ್ಡಿ

ಯಾವುದೇ ತಂತ್ರಾಂಶವು ಒಂದು ಕಡತವನ್ನು ತೆರೆಯಬೇಕಾದರೆ ಕಾರ್ಯಾಚರಣಾ ವ್ಯವಸ್ಥೆಯನ್ನು ಕೋರಬೇಕು. ವಿಂಡೋಸ್‌ನಲ್ಲಿ ಇಂತಹ ಕೋರಿಕೆಗಳ ಹಾದಿಯಲ್ಲಿ ಫಿಲ್ಟರ್ ಡ್ರೈವರ್ ಎಂಬ ಘಟಕಗಳನ್ನು ಒಂದರ ಮೇಲೊಂದರಂತೆ ಜೋಡಿಸಲು ಅವಕಾಶವಿದೆ. ಪ್ರತಿಯೊಂದು ಡ್ರೈವರ್‌ಗೂ ಆಲ್ಟಿಟ್ಯೂಡ್ ಎಂಬ ಸಂಖ್ಯೆಯನ್ನು ನೀಡಲಾಗುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಆ ಸಂಖ್ಯೆಯಿಂದ ನಿರ್ಧಾರವಾಗುತ್ತದೆ. ಆಂಟಿವೈರಸ್ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಸಂಸ್ಥೆಯು 320000ರಿಂದ 329999ರವರೆಗಿನ ಶ್ರೇಣಿಯನ್ನು ಮೀಸಲಿಟ್ಟಿದೆ. ಕಡತ ತೆರೆಯುವ ಕೋರಿಕೆ ಬಂದಾಗ ಆಂಟಿವೈರಸ್ ಅದನ್ನು ತಡೆದು ನಿಲ್ಲಿಸಿ, ಕಡತವನ್ನು ಪರೀಕ್ಷಿಸಿ, ನಂತರ ಮುಂದಕ್ಕೆ ಬಿಡುತ್ತದೆ.

ಇದರಿಂದ ಎರಡು ಬಗೆಯ ತೊಂದರೆಗಳು ಉಂಟಾಗುತ್ತವೆ. ಮೊದಲನೆಯದು ವಿಳಂಬ. ಸಾವಿರಾರು ಸಣ್ಣ ಕಡತಗಳನ್ನು ಓದಿ ಬರೆಯುವ ತಂತ್ರಾಂಶ ಅಭಿವೃದ್ಧಿಯಂತಹ ಕೆಲಸಗಳಲ್ಲಿ ಇದು ಎದ್ದು ಕಾಣುತ್ತದೆ. ಈ ಕಾರಣದಿಂದ ಮೈಕ್ರೋಸಾಫ್ಟ್ 2023ರಲ್ಲಿ ವಿಂಡೋಸ್ 11ಕ್ಕಾಗಿ ಡೆವ್ ಡ್ರೈವ್ ಎಂಬ ವಿಶೇಷ ಶೇಖರಣಾ ವಿಭಾಗವನ್ನು ಪರಿಚಯಿಸಿತು. ಅದರಲ್ಲಿ ಡಿಫೆಂಡರ್ ಆಂಟಿವೈರಸ್ ಕಡತವನ್ನು ಮೊದಲು ತೆರೆಯಲು ಬಿಟ್ಟು, ತಪಾಸಣೆಯನ್ನು ಆನಂತರ ನಡೆಸಬಲ್ಲದು.

ಎರಡನೆಯದು ಕಡತವು ತಾತ್ಕಾಲಿಕವಾಗಿ ಕೈಗೆ ಸಿಗದಿರುವುದು. ದತ್ತಾಂಶ ಕೆಡದಿರಲೆಂದು ಅನೇಕ ತಂತ್ರಾಂಶಗಳು ಮೊದಲು ಒಂದು ತಾತ್ಕಾಲಿಕ ಕಡತವನ್ನು ಬರೆದು, ಬಳಿಕ ಅದರ ಹೆಸರನ್ನು ಬದಲಿಸುತ್ತವೆ. ಹೊಸ ಕಡತ ಸೃಷ್ಟಿಯಾದ ಕೂಡಲೇ ಆಂಟಿವೈರಸ್ ಅದನ್ನು ಪರೀಕ್ಷೆಗಾಗಿ ತೆರೆದಿಟ್ಟುಕೊಂಡರೆ, ಆ ಕ್ಷಣದಲ್ಲಿ ಹೆಸರು ಬದಲಿಸುವ ಕೋರಿಕೆ ತಿರಸ್ಕೃತವಾಗಿ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ಮರುಕ್ಷಣ ಪ್ರಯತ್ನಿಸಿದರೆ ಅದೇ ಕೆಲಸ ಯಶಸ್ವಿಯಾಗುವುದರಿಂದ ಈ ದೋಷವನ್ನು ಮತ್ತೆ ಉಂಟುಮಾಡಿ ತೋರಿಸುವುದು ಸುಲಭವಲ್ಲ. ವ್ಯಾಪಕ ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ದತ್ತಸಂಚಯ ತಂತ್ರಾಂಶವು ವಿಂಡೋಸ್‌ನಲ್ಲಿ ಕಡತವನ್ನು ಓದುವ, ಬರೆಯುವ ಅಥವಾ ಅಳಿಸುವ ಪ್ರಯತ್ನ ಹೀಗೆ ವಿಫಲವಾದರೆ 10 ಬಾರಿಯವರೆಗೆ ಮರುಪ್ರಯತ್ನ ಮಾಡುತ್ತದೆ. ಮೊದಲ ಮರುಪ್ರಯತ್ನಕ್ಕೆ ಮುನ್ನ 25 ಮಿಲಿಸೆಕೆಂಡ್ ಕಾಯುತ್ತದೆ. ನಂತರ ಪ್ರತಿ ಬಾರಿಯೂ ಅವಧಿಯನ್ನು ಅಷ್ಟೇ ಹೆಚ್ಚಿಸುತ್ತದೆ. ಆಂಟಿವೈರಸ್ ತಂತ್ರಾಂಶಗಳನ್ನು ತಾಳಿಕೊಳ್ಳುವುದೇ ಈ ಏರ್ಪಾಡಿನ ಉದ್ದೇಶವೆಂದು ಅದರ ಅಧಿಕೃತ ದಾಖಲೆಯಲ್ಲಿ ತಿಳಿಸಲಾಗಿದೆ.

ಇಮೇಲ್ ತಂತ್ರಾಂಶಗಳ ವಿಷಯದಲ್ಲಿ ಅಡ್ಡಿಯು ದತ್ತಾಂಶ ನಷ್ಟಕ್ಕೂ ದಾರಿಯಾಗಬಹುದು. ಥಂಡರ್‌ಬರ್ಡ್ ತಂತ್ರಾಂಶವು ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಫೋಲ್ಡರಿನ ಎಲ್ಲ ಪತ್ರಗಳನ್ನೂ ಒಂದೇ ದೊಡ್ಡ ಕಡತದಲ್ಲಿ ಇಡುತ್ತದೆ. ಅವುಗಳಲ್ಲಿ ಒಂದು ಪತ್ರಕ್ಕೆ ಅಂಟಿಕೊಂಡು ವೈರಸ್ ಬಂದಿದ್ದರೆ, ಆಂಟಿವೈರಸ್ ಆ ಇಡೀ ಕಡತವನ್ನೇ ಕ್ವಾರಂಟೈನ್‌ಗೆ ಸರಿಸಬಹುದು. ಆಗ ಬಳಕೆದಾರರ ಇನ್‌ಬಾಕ್ಸ್ ಪೂರ್ತಿ ಬರಿದಾದಂತೆ ತೋರುತ್ತದೆ. ಇದನ್ನು ತಪ್ಪಿಸಲು, ಬರುವ ಪತ್ರವನ್ನು ಮೊದಲು ಬಿಡಿ ಕಡತವಾಗಿ ಉಳಿಸಿ, ತಪಾಸಣೆಯ ನಂತರ ಇನ್‌ಬಾಕ್ಸ್‌ಗೆ ಸೇರಿಸುವ ಆಯ್ಕೆಯನ್ನು ಥಂಡರ್‌ಬರ್ಡ್ ನೀಡುತ್ತದೆ.

2017ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಸೇರಿಸಲಾದ ನಿಯಂತ್ರಿತ ಫೋಲ್ಡರ್ ಸೌಲಭ್ಯವು ಇನ್ನೊಂದು ಉದಾಹರಣೆ. ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ್‍ಯಾನ್ಸಮ್‌ವೇರ್‌ಗಳನ್ನು ತಡೆಯಲು ರೂಪಿಸಿದ ಈ ಸೌಲಭ್ಯವನ್ನು ಚಾಲನೆಗೊಳಿಸಿದರೆ, ಪರಿಚಿತವಲ್ಲದ ತಂತ್ರಾಂಶಗಳು ಡಾಕ್ಯುಮೆಂಟ್ಸ್ ಮೊದಲಾದ ಫೋಲ್ಡರ್‌ಗಳಿಗೆ ಬರೆಯಲಾರವು. ಸಣ್ಣ ತಯಾರಕರ ತಂತ್ರಾಂಶಗಳಲ್ಲಿ ಬಳಕೆದಾರರು ತಮ್ಮ ಕೆಲಸವನ್ನು ಉಳಿಸಲು ಹೋದಾಗ ವಿಫಲವಾಗಲು ಇದೂ ಒಂದು ಕಾರಣ.

ಇತರ ತಂತ್ರಾಂಶಗಳ ಮೆಮೊರಿಯೊಳಗೆ ಪ್ರವೇಶ

ಕೆಲವು ಆಂಟಿವೈರಸ್‌ಗಳು ಕಡತಗಳನ್ನು ಪರೀಕ್ಷಿಸುವುದಷ್ಟೇ ಅಲ್ಲದೆ, ಚಾಲನೆಯಲ್ಲಿರುವ ಬೇರೆ ತಂತ್ರಾಂಶಗಳ ಮೆಮೊರಿಯೊಳಗೆ ತಮ್ಮ ಕೋಡ್ ಅನ್ನು ಸೇರಿಸುತ್ತವೆ. ಇದನ್ನು ಕೋಡ್ ಇಂಜೆಕ್ಷನ್ ಎನ್ನುತ್ತಾರೆ. ಹೀಗೆ ಸೇರಿದ ಕೋಡ್ ಆ ತಂತ್ರಾಂಶದ ಆಂತರಿಕ ಕ್ರಿಯೆಗಳನ್ನು ಮಧ್ಯದಲ್ಲಿಯೇ ತಡೆದು ನೋಡಬಲ್ಲದು. ಆದರೆ ಮೂಲ ತಂತ್ರಾಂಶದ ಹೊಸ ಆವೃತ್ತಿ ಬಂದು ಅದರ ಒಳರಚನೆ ಬದಲಾದಾಗ ಹಳೆಯ ಊಹೆಗಳ ಮೇಲೆ ನಿಂತ ಈ ಕೋಡ್ ತಪ್ಪು ಜಾಗಕ್ಕೆ ಕೈಹಾಕುತ್ತದೆ, ತಂತ್ರಾಂಶ ಕುಸಿಯುತ್ತದೆ.

ಆಗಾಗ ಹೊಸ ಆವೃತ್ತಿಗಳನ್ನು ಹೊರತರುವ ಬ್ರೌಸರ್‌ಗಳು ಇದರಿಂದ ಹೆಚ್ಚು ಬಾಧಿತವಾಗಿವೆ. ವಿಂಡೋಸ್‌ನಲ್ಲಿ ಕ್ರೋಮ್ ಬಳಸುವವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನರ ಯಂತ್ರಗಳಲ್ಲಿ ಆಂಟಿವೈರಸ್‌ನಂತಹ ಬೇರೆ ತಂತ್ರಾಂಶಗಳೂ ಕ್ರೋಮ್‌ನೊಡನೆ ವ್ಯವಹರಿಸುತ್ತವೆ ಎಂದು ಗೂಗಲ್ 2017ರ ನವೆಂಬರ್‌ನಲ್ಲಿ ತಿಳಿಸಿತು. ಕೋಡ್ ಸೇರಿಸುವ ತಂತ್ರಾಂಶಗಳಿರುವ ಯಂತ್ರಗಳಲ್ಲಿ ಕ್ರೋಮ್ ಕುಸಿಯುವ ಸಂಭವ ಶೇ. 15ರಷ್ಟು ಹೆಚ್ಚು ಎಂಬುದನ್ನೂ ಅದು ಪ್ರಕಟಿಸಿತು. 2018ರ ಜುಲೈನಲ್ಲಿ ಬಂದ 68ನೇ ಆವೃತ್ತಿಯಿಂದ ಹೊರಗಿನ ಕೋಡ್ ಅನ್ನು ತಡೆಯಲಾರಂಭಿಸುವ ಯೋಜನೆಯನ್ನು ಅದೇ ಸಂದರ್ಭದಲ್ಲಿ ಘೋಷಿಸಲಾಯಿತು. ಮೈಕ್ರೋಸಾಫ್ಟ್ ಸಹಿ ಹೊಂದಿದ ಕೋಡ್, ಅಂಗವಿಕಲರ ನೆರವಿನ ತಂತ್ರಾಂಶಗಳು ಹಾಗೂ ಲಿಪಿ ಮೂಡಿಸುವ ಇನ್‌ಪುಟ್ ವಿಧಾನಗಳಿಗೆ ಇದರಿಂದ ವಿನಾಯಿತಿ ನೀಡಲಾಯಿತು. ಕನ್ನಡ, ಹಿಂದಿ, ಚೀನೀ ಮೊದಲಾದ ಲಿಪಿಗಳಲ್ಲಿ ಬರೆಯುವವರಿಗೆ ಈ ವಿನಾಯಿತಿ ಮುಖ್ಯವಾದುದು. ಫೈರ್‌ಫಾಕ್ಸ್ 2023ರ ಫೆಬ್ರವರಿಯಲ್ಲಿ ಬಿಡುಗಡೆಯಾದ 110ನೇ ಆವೃತ್ತಿಯಲ್ಲಿ, ತನ್ನೊಳಗೆ ಸೇರಿಕೊಂಡ ಹೊರಗಿನ ಘಟಕಗಳನ್ನು ಬಳಕೆದಾರರೇ ತಡೆಯುವ ಅವಕಾಶವನ್ನು ಕಲ್ಪಿಸಿತು.

ಇದೇ ಸಮಸ್ಯೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿಯೂ ಇದೆ. ಕರ್ನೆಲ್‌ನ ಕೋಡ್ ಅನ್ನು ಬೇರೆಯವರು ತಿದ್ದದಂತೆ ತಡೆಯುವ ಪ್ಯಾಚ್‌ಗಾರ್ಡ್ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ 2005ರಲ್ಲಿ 64 ಬಿಟ್ ವಿಂಡೋಸ್‌ನಲ್ಲಿ ಜಾರಿಗೆ ತಂದಾಗ, ಸಿಮ್ಯಾಂಟೆಕ್ ಮತ್ತು ಮ್ಯಾಕಫಿ ಸಂಸ್ಥೆಗಳು ತಮ್ಮ ಉತ್ಪನ್ನಗಳ ಸಾಮರ್ಥ್ಯ ಇದರಿಂದ ಕುಂದುತ್ತದೆಂದು ವಿರೋಧಿಸಿದವು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆ ಪರಿಹಾರವನ್ನು ಬಿಡುಗಡೆ ಮಾಡುವಾಗ ಮತ್ತೊಂದು ತೊಡಕು ಎದುರಾಯಿತು. ಕೆಲವು ಆಂಟಿವೈರಸ್‌ಗಳು ಅನುಮತಿಯಿಲ್ಲದ ರೀತಿಯಲ್ಲಿ ಕರ್ನೆಲ್ ಮೆಮೊರಿಯನ್ನು ಬಳಸುತ್ತಿದ್ದುದರಿಂದ ಪರಿಹಾರವನ್ನು ಅಳವಡಿಸಿದೊಡನೆ ಯಂತ್ರವು ನೀಲಿ ಪರದೆಯೊಂದಿಗೆ ಸ್ಥಗಿತಗೊಳ್ಳುವ ಅಪಾಯವಿತ್ತು. ಆದ್ದರಿಂದ ತನ್ನ ಉತ್ಪನ್ನ ಹೊಂದಿಕೊಳ್ಳುತ್ತದೆ ಎಂಬ ಗುರುತನ್ನು ಆಂಟಿವೈರಸ್ ತಯಾರಕರು ವಿಂಡೋಸ್ ರಿಜಿಸ್ಟ್ರಿಯಲ್ಲಿ ದಾಖಲಿಸಿದ ಯಂತ್ರಗಳಿಗೆ ಮಾತ್ರ ಭದ್ರತಾ ಪರಿಷ್ಕರಣೆಗಳನ್ನು ಕಳುಹಿಸಲಾಯಿತು. ರಕ್ಷಣೆಗಾಗಿ ಇದ್ದ ತಂತ್ರಾಂಶವೇ ರಕ್ಷಣಾ ಪರಿಹಾರಕ್ಕೆ ತಡೆಯಾದ ಸಂದರ್ಭವಿದು. ವಿಂಡೋಸ್ 10ಕ್ಕೆ ಸಂಬಂಧಿಸಿದಂತೆ ಈ ನಿರ್ಬಂಧವನ್ನು ಅದೇ ವರ್ಷದ ಮಾರ್ಚ್‌ನಲ್ಲಿ ತೆಗೆದುಹಾಕಲಾಯಿತು.

ಗೂಢಲಿಪಿಯ ಸಂಪರ್ಕಗಳಲ್ಲಿ ಹಸ್ತಕ್ಷೇಪ

ಇಂದಿನ ಬಹುತೇಕ ಜಾಲತಾಣಗಳು ಎಚ್‌ಟಿಟಿಪಿಎಸ್ ಮೂಲಕ ಗೂಢಲಿಪಿಯಲ್ಲಿ ಮಾಹಿತಿ ರವಾನಿಸುತ್ತವೆ. ಇದನ್ನು ನಡುವಿನಿಂದ ಓದಲು ಸಾಧ್ಯವಿಲ್ಲದ ಕಾರಣ ಕೆಲವು ಆಂಟಿವೈರಸ್‌ಗಳು ತಮ್ಮದೇ ಆದ ಮೂಲ ಪ್ರಮಾಣಪತ್ರವೊಂದನ್ನು ಯಂತ್ರದಲ್ಲಿ ಸ್ಥಾಪಿಸುತ್ತವೆ. ಬಳಿಕ ಪ್ರತಿಯೊಂದು ಜಾಲತಾಣದ ಪ್ರಮಾಣಪತ್ರದ ಬದಲಿಗೆ ತಾವೇ ಸಹಿ ಮಾಡಿದ ಪ್ರಮಾಣಪತ್ರವನ್ನು ಬ್ರೌಸರ್‌ಗೆ ತೋರಿಸಿ, ಸಂಪರ್ಕವನ್ನು ತಮ್ಮಲ್ಲಿ ಬಿಚ್ಚಿ ಪರೀಕ್ಷಿಸಿ, ಮತ್ತೆ ಗೂಢಲಿಪಿಗೆ ಪರಿವರ್ತಿಸಿ ಕಳುಹಿಸುತ್ತವೆ.

ಆಂಟಿವೈರಸ್‌ನ ಮೂಲ ಪ್ರಮಾಣಪತ್ರವನ್ನು ನಂಬುವ ತಂತ್ರಾಂಶಗಳಲ್ಲಿ ಮಾತ್ರ ಈ ವಿಧಾನ ಕೆಲಸ ಮಾಡುತ್ತದೆ. ವಿಂಡೋಸ್‌ನ ಪ್ರಮಾಣಪತ್ರ ಸಂಗ್ರಹವನ್ನು ಬಳಸದೆ ತಮ್ಮದೇ ಪಟ್ಟಿಯನ್ನು ಇಟ್ಟುಕೊಳ್ಳುವ ಫೈರ್‌ಫಾಕ್ಸ್‌ನ ಹಳೆಯ ಆವೃತ್ತಿಗಳು, ಜಾವಾ ತಂತ್ರಾಂಶಗಳು ಹಾಗೂ ಪೈಥಾನ್‌ನ ಹಲವು ಸಲಕರಣೆಗಳು ಅದನ್ನು ಅಪರಿಚಿತ ಪ್ರಮಾಣಪತ್ರವೆಂದು ತಿರಸ್ಕರಿಸುತ್ತವೆ. ಹೀಗಾಗಿ ಒಂದು ಬ್ರೌಸರ್‌ನಲ್ಲಿ ಸರಾಗವಾಗಿ ತೆರೆಯುವ ಜಾಲತಾಣವು ಅದೇ ಯಂತ್ರದ ಮತ್ತೊಂದು ತಂತ್ರಾಂಶದಲ್ಲಿ ಭದ್ರತಾ ದೋಷವನ್ನು ತೋರಿಸಬಹುದು. 2019ರ ಆರಂಭದಲ್ಲಿ ಫೈರ್‌ಫಾಕ್ಸ್‌ನ 65ನೇ ಆವೃತ್ತಿ ಬಿಡುಗಡೆಯಾದಾಗ ಅವಾಸ್ಟ್ ಮತ್ತು ಎವಿಜಿ ಬಳಕೆದಾರರಿಗೆ ಹೀಗೆಯೇ ಆಯಿತು. ಮೊಜಿಲ್ಲಾ ವಿಂಡೋಸ್‌ನಲ್ಲಿ ಆ ಆವೃತ್ತಿಯ ವಿತರಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ಬಂದ 68ನೇ ಆವೃತ್ತಿಯು ಇಂತಹ ದೋಷ ಕಂಡಾಗ ವಿಂಡೋಸ್ ಸಂಗ್ರಹದಲ್ಲಿರುವ ಹೆಚ್ಚುವರಿ ಪ್ರಮಾಣಪತ್ರಗಳನ್ನು ತಾನಾಗಿಯೇ ಪರಿಗಣಿಸುವಂತೆ ಬದಲಾಯಿತು.

ಈ ವಿಧಾನದ ಭದ್ರತೆಯೂ ಪ್ರಶ್ನೆಗೊಳಗಾಗಿದೆ. ವಿಶ್ವವಿದ್ಯಾಲಯಗಳು ಹಾಗೂ ಮೊಜಿಲ್ಲಾ, ಗೂಗಲ್, ಕ್ಲೌಡ್‌ಫ್ಲೇರ್ ಸಂಸ್ಥೆಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫೈರ್‌ಫಾಕ್ಸ್ ಪರಿಷ್ಕರಣಾ ಸರ್ವರ್‌ಗಳಿಗೆ ಬಂದ ಸಂಪರ್ಕಗಳಲ್ಲಿ ಶೇ. 4, ವಾಣಿಜ್ಯ ತಾಣಗಳಲ್ಲಿ ಶೇ. 6.2 ಮತ್ತು ಅಮೆರಿಕದ ಕ್ಲೌಡ್‌ಫ್ಲೇರ್ ಜಾಲದಲ್ಲಿ ಶೇ. 10.9 ಸಂಪರ್ಕಗಳು ನಡುವೆ ತಡೆಯಲ್ಪಟ್ಟಿದ್ದವು. ಇದಕ್ಕೆ ಆಂಟಿವೈರಸ್‌ಗಳ ಜೊತೆಗೆ ಸಂಸ್ಥೆಗಳ ಜಾಲಗಳಲ್ಲಿ ಅಳವಡಿಸುವ ತಪಾಸಣಾ ಸಾಧನಗಳೂ ಕಾರಣವಾಗಿದ್ದವು. ಹೀಗೆ ತಡೆಯಲ್ಪಟ್ಟ ಸಂಪರ್ಕಗಳಲ್ಲಿ ಗಣನೀಯ ಪಾಲು ಮೂಲ ಬ್ರೌಸರ್ ಒದಗಿಸುತ್ತಿದ್ದುದಕ್ಕಿಂತ ದುರ್ಬಲವಾದ ರಕ್ಷಣೆಯನ್ನು ಹೊಂದಿದ್ದವು.

ತಪ್ಪು ಪತ್ತೆ

ನಿರುಪದ್ರವಿ ಕಡತವನ್ನು ವೈರಸ್ ಎಂದು ಗುರುತಿಸುವುದನ್ನು ತಪ್ಪು ಪತ್ತೆ ಎನ್ನಬಹುದು. ಆಂಟಿವೈರಸ್‌ಗಳು ತಿಳಿದಿರುವ ವೈರಸ್‌ಗಳ ಚಹರೆಯೊಂದಿಗೆ ಕಡತಗಳನ್ನು ಹೋಲಿಸುತ್ತವೆ. ಅದರೊಂದಿಗೆ ಸಂಶಯಾಸ್ಪದ ವರ್ತನೆಯನ್ನೂ ಗಮನಿಸುತ್ತವೆ. ಉಪಯುಕ್ತ ತಂತ್ರಾಂಶಗಳ ವರ್ತನೆಯೂ ಕೆಲವೊಮ್ಮೆ ವೈರಸ್‌ಗಳಂತೆಯೇ ಇರುವುದರಿಂದ ಎರಡನೆಯ ವಿಧಾನದಲ್ಲಿ ತಪ್ಪುಗಳು ಹೆಚ್ಚು. ಕೀಲಿಮಣೆಯಲ್ಲಿ ಒತ್ತಿದ ಕೀಲಿಯನ್ನು ತಡೆದು ಅದರ ಬದಲು ಮತ್ತೊಂದು ಲಿಪಿಯ ಅಕ್ಷರವನ್ನು ಮೂಡಿಸುವ ತಂತ್ರಾಂಶವೂ, ಪಾಸ್‌ವರ್ಡ್ ಕದಿಯಲು ಕೀಲಿಗಳನ್ನು ದಾಖಲಿಸುವ ತಂತ್ರಾಂಶವೂ ವಿಂಡೋಸ್‌ನ ಒಂದೇ ಸೌಲಭ್ಯವನ್ನು ಬಳಸಬಹುದು. ಆಟೋಹಾಟ್‌ಕೀ ಅಥವಾ ಪೈಇನ್‌ಸ್ಟಾಲರ್ ಬಳಸಿ ಸಿದ್ಧಪಡಿಸಿದ ಸಣ್ಣ ತಂತ್ರಾಂಶಗಳು ಇದೇ ಬಗೆಯ ಸಂಶಯಕ್ಕೆ ಆಗಾಗ ಗುರಿಯಾಗುತ್ತವೆ.

ತಪ್ಪು ಪತ್ತೆಯ ಕೆಲವು ಪ್ರಮುಖ ಘಟನೆಗಳು ಹೀಗಿವೆ:

2007ರ ಮೇ: ಸಿಮ್ಯಾಂಟೆಕ್‌ನ ಪರಿಷ್ಕರಣೆಯು ಚೀನೀ ಭಾಷೆಯ ವಿಂಡೋಸ್ ಎಕ್ಸ್‌ಪಿಯ ಎರಡು ಅತ್ಯಗತ್ಯ ಕಡತಗಳನ್ನು ವೈರಸ್ ಎಂದು ತೆಗೆದುಹಾಕಿದ್ದರಿಂದ ಯಂತ್ರಗಳು ಆರಂಭವಾಗಲಿಲ್ಲ.

2008ರ ನವೆಂಬರ್: ಎವಿಜಿಯು ವಿಂಡೋಸ್ ಎಕ್ಸ್‌ಪಿಯ ಯೂಸರ್32 ಎಂಬ ಮುಖ್ಯ ಕಡತವನ್ನು ವೈರಸ್ ಎಂದು ಗುರುತಿಸಿತು.

2010ರ ಏಪ್ರಿಲ್ 21: ಮ್ಯಾಕಫಿಯ 5958ನೇ ಪರಿಷ್ಕರಣೆಯು ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ಎಸ್‌ವಿಸಿಹೋಸ್ಟ್ ಕಡತವನ್ನು ವೈರಸ್ ಎಂದು ಪರಿಗಣಿಸಿತು. ಅನೇಕ ದೇಶಗಳಲ್ಲಿ ಯಂತ್ರಗಳು ಪದೇ ಪದೇ ಮರುಚಾಲನೆಗೊಂಡು ಜಾಲ ಸಂಪರ್ಕವನ್ನು ಕಳೆದುಕೊಂಡವು.

2011ರ ಸೆಪ್ಟೆಂಬರ್ 30: ಮೈಕ್ರೋಸಾಫ್ಟ್‌ನ ಆಂಟಿವೈರಸ್, ಕ್ರೋಮ್ ಬ್ರೌಸರ್ ಅನ್ನು ಪಾಸ್‌ವರ್ಡ್ ಕದಿಯುವ ತಂತ್ರಾಂಶವೆಂದು ಭಾವಿಸಿತು.

2012ರ ಸೆಪ್ಟೆಂಬರ್ 19: ಸೋಫೋಸ್ ತನ್ನದೇ ಪರಿಷ್ಕರಣಾ ಘಟಕವನ್ನು ವೈರಸ್ ಎಂದು ಗುರುತಿಸಿತು. ಇದರಿಂದ ತಪ್ಪನ್ನು ಸರಿಪಡಿಸುವ ಮುಂದಿನ ಪರಿಷ್ಕರಣೆ ತಲುಪುವುದೂ ಕಷ್ಟವಾಯಿತು.

2022ರ ಸೆಪ್ಟೆಂಬರ್ 4: ಮೈಕ್ರೋಸಾಫ್ಟ್ ಡಿಫೆಂಡರ್, ಕ್ರೋಮ್ ಹಾಗೂ ಅದರ ತಳಹದಿಯ ಮೇಲೆ ರಚಿತವಾದ ಅನೇಕ ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ತೆರೆದಾಗಲೆಲ್ಲ ಎಚ್ಚರಿಕೆ ನೀಡಿತು.

2023ರ ಜನವರಿ 13: ಡಿಫೆಂಡರ್‌ನ ನಿಯಮವೊಂದರ ದೋಷದಿಂದ ಸಂಸ್ಥೆಗಳ ಯಂತ್ರಗಳಲ್ಲಿ ತಂತ್ರಾಂಶಗಳ ಶಾರ್ಟ್‌ಕಟ್‌ಗಳು ಅಳಿಸಿಹೋದವು.

2024ರ ಕ್ರೌಡ್‌ಸ್ಟ್ರೈಕ್ ಘಟನೆ

2024ರ ಜುಲೈ 19ರಂದು ಸಂಭವಿಸಿದ ಕ್ರೌಡ್‌ಸ್ಟ್ರೈಕ್ ಘಟನೆಯಲ್ಲಿ ವೈರಸ್ ಪತ್ತೆಯ ತಪ್ಪು ಇರಲಿಲ್ಲ. ಭದ್ರತಾ ತಂತ್ರಾಂಶವೇ ಕರ್ನೆಲ್‌ನೊಳಗೆ ಕುಸಿದಿತ್ತು. ಆ ಸಂಸ್ಥೆಯ ಫಾಲ್ಕನ್ ಎಂಬ ಭದ್ರತಾ ತಂತ್ರಾಂಶಕ್ಕೆ ಕಳುಹಿಸಿದ ವಿವರ ಕಡತವು 21 ಮೌಲ್ಯಗಳನ್ನು ನಿರೀಕ್ಷಿಸಿದರೆ, ತಂತ್ರಾಂಶವು ಒದಗಿಸಿದ್ದು 20 ಮಾತ್ರ. ಇಲ್ಲದ 21ನೆಯದನ್ನು ಓದಲು ಹೋದಾಗ ವಿಂಡೋಸ್ ಸ್ಥಗಿತಗೊಂಡಿತು. ದೋಷಯುಕ್ತ ಕಡತವನ್ನು 78 ನಿಮಿಷಗಳಲ್ಲಿ ಹಿಂಪಡೆದರೂ ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳು ಬಾಧಿತವಾಗಿದ್ದವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಅನೇಕ ಯಂತ್ರಗಳನ್ನು ಒಂದೊಂದಾಗಿ ಸೇಫ್ ಮೋಡ್‌ನಲ್ಲಿ ಆರಂಭಿಸಿ ಕಡತವನ್ನು ಅಳಿಸಬೇಕಾಯಿತು. ಆಸ್ಪತ್ರೆ, ಬ್ಯಾಂಕ್ ಮತ್ತು ವಿಮಾನಯಾನ ಸೇವೆಗಳಿಗೆ ಜಗತ್ತಿನಾದ್ಯಂತ ಅಡಚಣೆಯಾಯಿತು. ಭಾರತದಲ್ಲಿ ಬೆಂಗಳೂರು ಸೇರಿದಂತೆ ಹಲವು ವಿಮಾನ ನಿಲ್ದಾಣಗಳಲ್ಲಿ ವಿಮಾನಯಾನ ಸಂಸ್ಥೆಗಳ ಸೇವೆ ವ್ಯತ್ಯಯಗೊಂಡಿತು. ದೇಶದ ಕೆಲವೆಡೆ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ನೀಡಲಾಯಿತು.

ಬ್ರೌಸರ್‌ಗಳಿಂದ ಉಂಟಾಗುವ ಅಡ್ಡಿ

ಬ್ರೌಸರ್ ಮೂಲಕ ಇಳಿಸಿಕೊಂಡ ಕಡತಕ್ಕೆ ಅದು ಅಂತರಜಾಲದಿಂದ ಬಂದದ್ದೆಂಬ ಅದೃಶ್ಯ ಗುರುತೊಂದು ವಿಂಡೋಸ್‌ನಲ್ಲಿ ಅಂಟಿಕೊಳ್ಳುತ್ತದೆ. ಈ ಗುರುತನ್ನು ಕಂಡು ಆಫೀಸ್ ತಂತ್ರಾಂಶಗಳು ಕಡತವನ್ನು ಓದಲಷ್ಟೇ ಸಾಧ್ಯವಾಗುವ ಸಂರಕ್ಷಿತ ನೋಟದಲ್ಲಿ ತೆರೆಯುತ್ತವೆ. ಹಳೆಯ ಮಾದರಿಯ ಸಹಾಯ ಕಡತಗಳನ್ನು ತೆರೆದಾಗ ಪುಟಗಳು ಖಾಲಿಯಾಗಿ ಕಾಣುವುದಕ್ಕೂ ಇದೇ ಕಾರಣ. ಹೆಚ್ಚು ಜನ ಬಳಸದ ಹೊಸ ತಂತ್ರಾಂಶಗಳನ್ನು ಇಳಿಸಿಕೊಳ್ಳುವಾಗ ಬ್ರೌಸರ್‌ಗಳು ನೀಡುವ ಎಚ್ಚರಿಕೆಯು ಸಣ್ಣ ತಯಾರಕರಿಗೆ ತೊಡಕಾಗಿದೆ.

ಬ್ರೌಸರ್‌ಗಳು ಹಳೆಯ ಪ್ಲಗಿನ್ ವ್ಯವಸ್ಥೆಯನ್ನು ಕೈಬಿಟ್ಟಾಗಲೂ ಇತರ ತಂತ್ರಾಂಶಗಳು ಬಾಧಿತವಾದವು. ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ, ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಇದನ್ನು ನಿಲ್ಲಿಸಿದ ಮೇಲೆ ಜಾವಾ ಆಪ್ಲೆಟ್‌ಗಳ ಮೂಲಕ ನಡೆಯುತ್ತಿದ್ದ ಡಿಜಿಟಲ್ ಸಹಿಯಂತಹ ಕೆಲಸಗಳು ಆ ಬ್ರೌಸರ್‌ಗಳಲ್ಲಿ ಸಾಧ್ಯವಾಗಲಿಲ್ಲ. ಅವುಗಳ ಬದಲಿಗೆ ಬಳಕೆದಾರರ ಯಂತ್ರದಲ್ಲಿಯೇ ಹಿನ್ನೆಲೆಯಲ್ಲಿ ಓಡುವ ಸಹಾಯಕ ತಂತ್ರಾಂಶಗಳು ಬಂದವು. ಭಾರತದ ಜಿಎಸ್‌ಟಿ ಜಾಲತಾಣದಲ್ಲಿ ಬಳಸುವ, ಬೆಂಗಳೂರಿನ ಇ-ಮುದ್ರಾ ಸಂಸ್ಥೆಯ ಎಮ್‌ಸೈನರ್ ಇಂತಹದು. ಈ ಬಗೆಯ ತಂತ್ರಾಂಶಗಳೊಡನೆ ಬ್ರೌಸರ್ ಯಂತ್ರದೊಳಗಿನ ಸ್ಥಳೀಯ ಪೋರ್ಟ್ ಮೂಲಕ ಮಾತನಾಡುವುದರಿಂದ, ಆಂಟಿವೈರಸ್‌ನ ಫೈರ್‌ವಾಲ್ ಆ ಹಾದಿಯನ್ನು ತಡೆದರೆ ಸಹಿ ಹಾಕುವುದು ಸಾಧ್ಯವಾಗುವುದಿಲ್ಲ.

ಬ್ರೌಸರ್‌ನ ದೋಷವೇ ಇಡೀ ಯಂತ್ರವನ್ನು ಕೆಡಿಸಿದ ಘಟನೆಯೊಂದು 2019ರ ಸೆಪ್ಟೆಂಬರ್‌ನಲ್ಲಿ ನಡೆಯಿತು. ಕ್ರೋಮ್ ಜೊತೆಗೆ ಬರುವ ಗೂಗಲ್‌ನ ಪರಿಷ್ಕರಣಾ ಘಟಕವು ಕೆಲವು ಮ್ಯಾಕ್ ಯಂತ್ರಗಳಲ್ಲಿ ಕಾರ್ಯಾಚರಣಾ ವ್ಯವಸ್ಥೆಗೆ ಅಗತ್ಯವಾದ ಕಡತ ಕೊಂಡಿಯೊಂದನ್ನು ಅಳಿಸಿಹಾಕಿದ್ದರಿಂದ ಅವು ಮರಳಿ ಆರಂಭವಾಗಲಿಲ್ಲ. ವ್ಯವಸ್ಥೆಯ ಅಂತರ್ಗತ ರಕ್ಷಣೆಯನ್ನು ನಿಷ್ಕ್ರಿಯಗೊಳಿಸಿದ್ದ ಯಂತ್ರಗಳು ಮಾತ್ರ ಇದಕ್ಕೆ ತುತ್ತಾದವು. ಹಾಲಿವುಡ್‌ನ ಚಿತ್ರ ಸಂಕಲನಕಾರರಲ್ಲಿ ಅಂತಹ ಯಂತ್ರಗಳು ಹೆಚ್ಚಾಗಿದ್ದುದರಿಂದ, ಅವರು ಬಳಸುವ ಅವಿಡ್ ಸಂಕಲನ ತಂತ್ರಾಂಶದ ಮೇಲೆ ಮೊದಲು ಸಂಶಯ ಉಂಟಾಗಿತ್ತು.

ಹೊಣೆಗಾರಿಕೆಯ ಪ್ರಶ್ನೆ

ಅವಿಡ್‌ನ ಪ್ರಸಂಗದಲ್ಲಿ ಕಂಡಂತೆ, ದೂರು ತಪ್ಪು ವಿಳಾಸಕ್ಕೆ ತಲುಪುವುದು ಈ ವಿದ್ಯಮಾನದ ಸಾಮಾನ್ಯ ಲಕ್ಷಣ. ಎಸ್‌ಕ್ಯೂಲೈಟ್‌ನ ಮೂಲ ಕೋಡ್‌ನಲ್ಲಿರುವ ಟಿಪ್ಪಣಿಯೊಂದು ಇದಕ್ಕೆ ಪ್ರಸಿದ್ಧ ಉದಾಹರಣೆ. ಮ್ಯಾಕಫಿಯು ತನ್ನ ಆಂಟಿವೈರಸ್‌ನಲ್ಲಿ ಎಸ್‌ಕ್ಯೂಲೈಟ್ ಅನ್ನು ಬಳಸಲಾರಂಭಿಸಿದ ನಂತರ, ಎಸ್‌ಕ್ಯೂಲೈಟ್ ಹೆಸರನ್ನು ಹೊತ್ತ ತಾತ್ಕಾಲಿಕ ಕಡತಗಳು ಬಳಕೆದಾರರ ಯಂತ್ರಗಳಲ್ಲಿ ಕಾಣಿಸಿಕೊಂಡವು. ಅಸಮಾಧಾನಗೊಂಡ ಬಳಕೆದಾರರು ಆ ಹೆಸರನ್ನು ಅಂತರಜಾಲದಲ್ಲಿ ಹುಡುಕಿ, ಎಸ್‌ಕ್ಯೂಲೈಟ್ ಅಭಿವೃದ್ಧಿಪಡಿಸಿದವರ ದೂರವಾಣಿ ಸಂಖ್ಯೆಗಳನ್ನು ಪತ್ತೆಹಚ್ಚಿ, ರಾತ್ರಿ ವೇಳೆ ಕರೆ ಮಾಡಿ ದೂರತೊಡಗಿದರು. ಕೊನೆಗೆ ತಾತ್ಕಾಲಿಕ ಕಡತಗಳ ಹೆಸರಿನಲ್ಲಿ ಎಸ್‌ಕ್ಯೂಲೈಟ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆಯುವಂತೆ 2006ರಲ್ಲಿ ಬದಲಾವಣೆ ಮಾಡಲಾಯಿತು.

ಪರಿಹಾರೋಪಾಯಗಳು

ಕಾರ್ಯಾಚರಣಾ ವ್ಯವಸ್ಥೆಗಳ ತಯಾರಕರು ಆಂಟಿವೈರಸ್‌ಗಳನ್ನು ಇತರ ತಂತ್ರಾಂಶಗಳ ಒಳಗಿನಿಂದ ಹಾಗೂ ಕರ್ನೆಲ್‌ನಿಂದ ಹೊರತರುವ ದಿಕ್ಕಿನಲ್ಲಿ ಸಾಗಿದ್ದಾರೆ. 2015ರಲ್ಲಿ ವಿಂಡೋಸ್ 10ರೊಂದಿಗೆ ಬಂದ ಆಮ್ಸಿ ಎಂಬ ವ್ಯವಸ್ಥೆಯ ಮೂಲಕ ಇತರ ತಂತ್ರಾಂಶಗಳು ಸಂಶಯಾಸ್ಪದ ವಿಷಯವನ್ನು ತಾವಾಗಿಯೇ ಆಂಟಿವೈರಸ್‌ಗೆ ಒಪ್ಪಿಸಬಹುದು. 2019ರಲ್ಲಿ ಆಪಲ್ ಸಂಸ್ಥೆಯು ಮ್ಯಾಕ್‌ಗಳಲ್ಲಿ ಭದ್ರತಾ ತಂತ್ರಾಂಶಗಳು ಕರ್ನೆಲ್‌ನ ಹೊರಗೆ ನಿಂತು ಕೆಲಸ ಮಾಡುವ ವ್ಯವಸ್ಥೆಯನ್ನು ಒದಗಿಸಿತು. ಕ್ರೌಡ್‌ಸ್ಟ್ರೈಕ್ ಘಟನೆಯ ನಂತರ, 2024ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕೂಡ ಇದೇ ಬಗೆಯ ಯೋಜನೆಯನ್ನು ಪ್ರಕಟಿಸಿತು.

ತಂತ್ರಾಂಶ ತಯಾರಕರು ತಮ್ಮ ಕಡತಗಳಿಗೆ ಡಿಜಿಟಲ್ ಸಹಿ ಹಾಕುವುದು, ಬಿಡುಗಡೆಗೆ ಮುನ್ನ ಹಲವು ಆಂಟಿವೈರಸ್‌ಗಳಿಂದ ಪರೀಕ್ಷಿಸುವುದು ಹಾಗೂ ತಪ್ಪು ಪತ್ತೆಯಾದರೆ ಆಂಟಿವೈರಸ್ ಸಂಸ್ಥೆಗೆ ಮಾದರಿಯನ್ನು ಕಳುಹಿಸುವುದು ರೂಢಿಯಲ್ಲಿದೆ.

ಬಳಕೆದಾರರ ಮಟ್ಟದಲ್ಲಿ ಈ ಕೆಳಗಿನ ಕ್ರಮಗಳು ಉಪಯುಕ್ತ:

ಒಂದು ಯಂತ್ರದಲ್ಲಿ ಒಂದೇ ಸಕ್ರಿಯ ಆಂಟಿವೈರಸ್ ಇರಬೇಕು. ಎರಡಿದ್ದರೆ ಒಂದು ತೆರೆದ ಕಡತವನ್ನು ಮತ್ತೊಂದು ಪರೀಕ್ಷಿಸುತ್ತಾ ಪರಸ್ಪರ ಅಡ್ಡಿಯಾಗುತ್ತವೆ. ಬೇರೊಂದು ಆಂಟಿವೈರಸ್ ನೋಂದಣಿಯಾದಾಗ ವಿಂಡೋಸ್ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿಯೇ ಹಿಂದೆ ಸರಿಯುತ್ತದೆ.

ತಂತ್ರಾಂಶವೊಂದು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದರೆ, ಅದನ್ನು ತೆಗೆದುಹಾಕುವ ಮುನ್ನ ಆಂಟಿವೈರಸ್‌ನ ಇತಿಹಾಸ ಮತ್ತು ಕ್ವಾರಂಟೈನ್ ಪಟ್ಟಿಗಳನ್ನು ನೋಡಬೇಕು. ಅಲ್ಲಿಗೆ ಸರಿಸಲಾದ ಕಡತವನ್ನು ಸಾಮಾನ್ಯವಾಗಿ ಮರಳಿ ಪಡೆಯಬಹುದು.

ವಿನಾಯಿತಿ ನೀಡುವುದು ಅನಿವಾರ್ಯವಾದರೆ ಅದನ್ನು ನಿರ್ದಿಷ್ಟ ಕಡತ ಅಥವಾ ಫೋಲ್ಡರಿಗೆ ಮಾತ್ರ ಸೀಮಿತಗೊಳಿಸಬೇಕು. ಇಡೀ ಡ್ರೈವ್‌ಗೆ ಅಥವಾ ಡೌನ್‌ಲೋಡ್ಸ್ ಫೋಲ್ಡರಿಗೆ ವಿನಾಯಿತಿ ನೀಡಿದರೆ ನಿಜವಾದ ವೈರಸ್‌ಗೂ ದಾರಿ ತೆರೆದಂತಾಗುತ್ತದೆ.

ಆಂಟಿವೈರಸ್ ಎಚ್ಚರಿಕೆ ನೀಡಿದಾಕ್ಷಣ ಅದು ತಪ್ಪು ಪತ್ತೆಯೆಂದು ಭಾವಿಸಬಾರದು. ವೈರಸ್ ಹರಡುವವರು ಸಹ ತಮ್ಮ ತಂತ್ರಾಂಶವನ್ನು ಅಳವಡಿಸುವ ಮುನ್ನ ಆಂಟಿವೈರಸ್ ಅನ್ನು ನಿಲ್ಲಿಸುವಂತೆ ಸೂಚಿಸುತ್ತಾರೆ. ಕಡತದ ಮೂಲವನ್ನು ಖಚಿತಪಡಿಸಿಕೊಂಡು, ವೈರಸ್‌ಟೋಟಲ್‌ನಂತಹ ಸೇವೆಯಲ್ಲಿ ಹಲವು ಆಂಟಿವೈರಸ್‌ಗಳ ಫಲಿತಾಂಶವನ್ನು ಹೋಲಿಸಿ ನೋಡಿದ ನಂತರವೇ ನಿರ್ಧರಿಸುವುದು ಸೂಕ್ತ. ಆ ಸೇವೆಗೆ ಸಲ್ಲಿಸಿದ ಕಡತಗಳು ಭದ್ರತಾ ಸಂಸ್ಥೆಗಳಿಗೂ ಲಭ್ಯವಾಗುವುದರಿಂದ ಖಾಸಗಿ ದಾಖಲೆಗಳನ್ನು ಅಲ್ಲಿಗೆ ಸಲ್ಲಿಸಬಾರದು.